ಮೈಯೊಳಗಿನ ಮಾಸ್ಕು

ಇಪ್ಪತ್ತೆರಡು ಅಡಿ ಕೆಳಗೆ, ಎದೆಮಟ್ಟದ ಕೊಳಚೆಯಲ್ಲಿ ನಿಂತು ಭರಮಪ್ಪ ಹಾಡು ಗುನುಗುತ್ತಿದ್ದ. ಅವನ ಭುಜಕ್ಕೆ ಕಟ್ಟಿದ್ದ ಗ್ಯಾಸ್ ಮೀಟರಿನ ಕೆಂಪು ದೀಪ ಒಂದೇ ಸಮನೆ ಮಿಟುಕುತ್ತಿತ್ತು. ಅದರ ಗಂಟೆಯನ್ನು ಅವನು ವರ್ಷದ ಹಿಂದೆಯೇ ಕಿತ್ತು ಒಗೆದಿದ್ದ, ಕಿವಿಗೆ ಕಿರಿಕಿರಿ. ಮೀಟರಿನ ಅಂಕಿ ಒಂಬೈನೂರು ದಾಟಿತ್ತು. ಅಂದರೆ ಆ ಒಳಚರಂಡಿ ಗುಂಡಿಯ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂಬೈನೂರು ಪಾಲು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ನೂರು ದಾಟಿದರೆ ಮೊದಲು ಮೂಗನ್ನೇ ಸಾಯಿಸುತ್ತದೆ. ವಾಸನೆ ನಿಂತಿತು, ಗಾಳಿ ತಿಳಿಯಾಯಿತು ಎಂದುಕೊಳ್ಳುತ್ತಾನೆ ಮನುಷ್ಯ. ಒಂಬೈನೂರರಲ್ಲಿ ಎರಡು ಉಸಿರು ಸಾಕು. ಮೂರನೆಯದನ್ನು ಎಳೆಯಲು ಅವನು ಇರುವುದಿಲ್ಲ.

ಭರಮಪ್ಪ ಇಳಿದು ನಲವತ್ತು ನಿಮಿಷವಾಗಿತ್ತು.

"ಮಾವಾ, ಏನರ ಸಿಕ್ತೇನು?" ಮೇಲಿನಿಂದ ಕೆಂಚಪ್ಪ ಕೂಗಿದ.

"ಸಿಕ್ಕೈತಿ. ಯಾರದೋ ಹಾಸಿಗಿ. ಅರ್ಧ ಹಾಸಿಗಿ ತುರುಕ್ಯಾರ."

"ಇನ್ನರ್ಧ?"

"ಅದರ ಮ್ಯಾಲ ಮಲಗಿ ಗೊರಕಿ ಹೊಡ್ಯಾಕತ್ತಿರಬೇಕು."

ಕೆಂಚಪ್ಪ ಭರಮಪ್ಪನ ಹೆಂಡತಿಯ ತಮ್ಮ, ಇಪ್ಪತ್ತೆರಡರ ಹುಡುಗ. ಅವರ ಓಣಿಯಲ್ಲಿ ಗುಂಡಿಗಿಳಿಯುವವನ ಹಗ್ಗವನ್ನು ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು, ಬೇರೆಯವರು ಹಿಡಿಯುವಂತಿಲ್ಲ. ಹಗ್ಗದ ಆ ತುದಿಯಲ್ಲಿ ಅಕ್ಕನ ತಾಳಿ ಇರುವಾಗ ಯಾವನೂ ಬೀಡಿ ಹಚ್ಚಲು ಕೈ ಸಡಿಲಿಸುವುದಿಲ್ಲ ಎಂದು ಹಿಂದಿನವರು ಮಾಡಿಟ್ಟ ಲೆಕ್ಕ. ಹಿಂದಿನವರು ಇನ್ನೂ ಕೆಲವು ಕಟ್ಟಳೆ ಮಾಡಿಟ್ಟಿದ್ದರು. ಒಂದು ಗುಂಡಿಗಿಳಿಯುವ ಮೊದಲು ಆಚೀಚಿನ ಎರಡರ ಮುಚ್ಚಳವನ್ನೂ ತೆಗೆಯಬೇಕು. ಒಂದು ತಾಸು ಕಾಯಬೇಕು. ಆಮೇಲೆ ಬ್ಯಾಟರಿಯ ಬೆಳಕು ಬಿಟ್ಟು ಗೋಡೆ ನೋಡಬೇಕು. ಜಿರಲೆಗಳು ಓಡಾಡುತ್ತಿದ್ದರೆ ಇಳಿಯಬೇಕು, ಇಲ್ಲದಿದ್ದರೆ ಮನೆಗೆ ಹೋಗಬೇಕು. ಈಗ ಆ ತಾಸನ್ನು ಗುಂಡಿಗಳ ಗುತ್ತಿಗೆ ಹಿಡಿದ ನಿರ್ಮಲಧಾರೆ ಕಂಪನಿ ಕಿತ್ತುಹಾಕಿತ್ತು. ದಿನಕ್ಕೆ ಮೂರು ಗುಂಡಿ ಮುಗಿಸುತ್ತಿದ್ದವರು ಒಂಬತ್ತು ಮುಗಿಸುತ್ತಿದ್ದರು. ಯಾಕೆಂದರೆ ಸೂಜಿ ಬಂದಿತ್ತು.

ಎರಡು ಸಾವಿರದ ಐವತ್ತನಾಲ್ಕರಲ್ಲಿ ಭರಮಪ್ಪನೂ ಸೇರಿ ಹನ್ನೆರಡು ಮಂದಿಗೆ ಮೊದಲ ಸೂಜಿ ಬಿತ್ತು. ಅದನ್ನು ಕಂಡುಹಿಡಿದವರು ಡಾ. ಅನಸೂಯಾ ಬೆಟಗೇರಿ. ನಮ್ಮ ಪ್ರತಿ ಜೀವಕೋಶದಲ್ಲೂ ಆಮ್ಲಜನಕ ಉರಿಸಿ ಶಕ್ತಿ ಕೊಡುವ ಸಣ್ಣ ಸಣ್ಣ ಒಲೆಗಳಿವೆ. ಮೈಟೊಕಾಂಡ್ರಿಯ ಎನ್ನುತ್ತಾರೆ. ಗುಂಡಿಯ ಅನಿಲ ಹೋಗಿ ಆ ಒಲೆಯ ಬಾಯಿ ಮುಚ್ಚುತ್ತದೆ. ಸುತ್ತ ಆಮ್ಲಜನಕವಿದ್ದರೂ ಮನುಷ್ಯ ಒಳಗೇ ಆರಿಹೋಗುತ್ತಾನೆ. ಆದರೆ ಗಂಧಕದ ಬುಗ್ಗೆಗಳಲ್ಲಿ ಬದುಕುವ ಬೆರಳುದ್ದದ ಮೀನೊಂದಿದೆ. ಅನಿಲ ಒಲೆಯವರೆಗೆ ತಲುಪುವ ಮೊದಲೇ ಅದನ್ನು ಕಡಿದುಹಾಕುವ ಕಿಣ್ವವೊಂದು ಅದರ ಮೈಯಲ್ಲಿ ರಾಶಿಗಟ್ಟಲೆ ತಯಾರಾಗುತ್ತದೆ. ಕಿಣ್ವವೆಂದರೆ ಜೀವಕೋಶದ ಕೂಲಿಯಾಳು. ಆ ಕೂಲಿಯಾಳನ್ನು ಹೇಗೆ ಕಟ್ಟಬೇಕೆಂಬ ಬರಹವೇ ಜೀನು. ಅನಸೂಯಾ ಆ ಬರಹವನ್ನು ಮೀನಿನಿಂದ ನಕಲು ಮಾಡಿ, ರೋಗ ತರುವ ಶಕ್ತಿ ಕಿತ್ತ ವೈರಸ್ಸಿನ ಚಿಪ್ಪಿನೊಳಗಿಟ್ಟು, ಸೂಜಿಯ ಮೂಲಕ ಮನುಷ್ಯರ ಮೈಗೆ ಕಳಿಸಿದರು. ಒಂದೇ ಗುಂಡಿಯಲ್ಲಿ ಮೂವರು ಸತ್ತ ಸುದ್ದಿ ಓದಿ ಎಂಟು ವರ್ಷ ಇದಕ್ಕಾಗಿ ಕೂತರಂತೆ. ಸುಳ್ಳಲ್ಲ. ಅಂಥವರು ಸುಳ್ಳು ಹೇಳುವುದಿಲ್ಲ.

ಮನುಷ್ಯರನ್ನು ಗುಂಡಿಗೆ ಇಳಿಸಬಾರದೆಂಬ ಕಾನೂನು ಹಳೆಯದು. ಅದರಲ್ಲಿ 'ರಕ್ಷಣೆಯಿಲ್ಲದೆ' ಎಂಬ ಒಂದು ಶಬ್ದ ಸೇರಿಸಲು ಆರು ತಿಂಗಳು ಹಿಡಿಯಿತು, ಅಷ್ಟೇ. ರಕ್ಷಣೆ ಎಲ್ಲಿದೆ ಎಂದು ಕೇಳಿದವರಿಗೆ ನಿರ್ಮಲಧಾರೆ ಕಂಪನಿ ಶಹರದ ತುಂಬ ಬೋರ್ಡು ಹಚ್ಚಿತು: 'ಮೈಯೊಳಗಿನ ಮಾಸ್ಕು'. ಬೋರ್ಡಿನಲ್ಲಿ ನಗುವವನು ಯಾರೋ ಬೆಳ್ಳಗಿನ ಮಾಡೆಲ್ಲು. ಗುಂಡಿ ತೊಳೆಯುವ ಯಂತ್ರಗಳನ್ನು ಅದೇ ವರ್ಷ ಗುಜರಿಗೆ ಹಾಕಿದರು. ಯಂತ್ರವನ್ನು ತಿದ್ದುವುದಕ್ಕಿಂತ ಮನುಷ್ಯನನ್ನು ತಿದ್ದುವುದು ಅವರಿಗೆ ಅಗ್ಗವಾಗಿತ್ತು.

ಭರಮಪ್ಪ ಮೇಲೆ ಬಂದು, ಮೈಮೇಲೆ ನಾಲ್ಕು ಕೊಡ ನೀರು ಸುರಿದುಕೊಂಡು, ಕಟ್ಟೆಯ ಮೇಲೆ ಕೂತ. ಮೊದಲ ಒಂದು ತಾಸು ಚೆನ್ನಾಗಿರುತ್ತಾನೆ. ಆಮೇಲೆ ಬೆರಳ ತುದಿ ತಣ್ಣಗಾಗುತ್ತದೆ. ತಲೆಯೊಳಗೆ ಯಾರೋ ಹಗ್ಗ ಬಿಗಿದಂತೆ. ಎರಡನೆಯ ತಾಸಿಗೆ ನೆಲ ಓಲಾಡುತ್ತದೆ. ಮತ್ತೆ ಗುಂಡಿಗಿಳಿದರೆ, ಹತ್ತು ನಿಮಿಷದಲ್ಲಿ ಎಲ್ಲ ಸರಿ. ಈ ಮಾತನ್ನು ಅವನು ಕಂಪನಿಯ ಡಾಕ್ಟರಿಗೆ ಮೂರು ಸಲ ಹೇಳಿದ್ದ. ಮೂರು ಸಲವೂ ಆತ 'ಸಣ್ಣ ತಲೆನೋವು' ಎಂದು ಬರೆದುಕೊಂಡು ಗುಳಿಗೆ ಕೊಟ್ಟಿದ್ದ. ಮನೆಯಲ್ಲಿ ಭರಮಪ್ಪ ಬಚ್ಚಲ ಕಿಂಡಿಗೆ ತಲೆ ಕೊಟ್ಟು ಮಲಗುತ್ತಿದ್ದ. ರಜೆ ಬಂದರೆ ಓಣಿಯ ಗಟಾರದ ಪಕ್ಕ ಹೋಗಿ ಕೂಡುತ್ತಿದ್ದ. ಮಕ್ಕಳು ನಗುತ್ತಿದ್ದರು. ನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಊರಾಚೆ ಹೋಗಿರಲಿಲ್ಲ. ಹೋಗಲಾಗುತ್ತಿರಲಿಲ್ಲ.

ಎರಡನೆಯ ತಂಡಕ್ಕೆ ಸೂಜಿ ಬಿದ್ದದ್ದು ಎರಡು ತಿಂಗಳ ಹಿಂದೆ. ನಲವತ್ತು ಮಂದಿ. ಭರಮಪ್ಪ ಬೇಡವೆಂದರೂ ಕೇಳದೆ ಕೆಂಚಪ್ಪ ಸಾಲಿನಲ್ಲಿ ನಿಂತು ಚುಚ್ಚಿಸಿಕೊಂಡಿದ್ದ. ತಂಡದಲ್ಲಿ ಮೊದಲು ಇಳಿಯುವವನು ಅವನೇ, ಬರುವ ಸೋಮವಾರ ಬೆಳಿಗ್ಗೆ ಏಳಕ್ಕೆ.

ಅದಕ್ಕೂ ಮುಂಚಿನ ಶನಿವಾರ ಅನಸೂಯಾ ಬೆಟಗೇರಿ ರಕ್ತದ ಮಾದರಿ ತೆಗೆಯಲು ಓಣಿಯ ಸಮುದಾಯ ಭವನಕ್ಕೆ ಬಂದರು. ಆರು ತಿಂಗಳಿಗೊಮ್ಮೆ ಬರುತ್ತಿದ್ದರು. ಭರಮಪ್ಪನ ತೋಳಿಗೆ ಪಟ್ಟಿ ಬಿಗಿಯುತ್ತ, "ನಿಮ್ಮ ತಂಡದ್ದು ಸರಳ ಇತ್ತು ನೋಡ್ರಿ. ಹನ್ನೆರಡು ಮಂದಿಗೂ ಔಷಧ. ಈ ನಲವತ್ತರದು ಹಂಗಲ್ಲ," ಎಂದರು.

"ಹಂಗಲ್ಲ ಅಂದ್ರ?"

"ಇಪ್ಪತ್ತು ಮಂದಿಗೆ ಔಷಧ, ಇಪ್ಪತ್ತು ಮಂದಿಗೆ ಉಪ್ಪುನೀರು. ಹೋಲಿಸಿ ನೋಡಬೇಕಲ್ಲ? ಯಾರಿಗೆ ಯಾವುದು ಬಿತ್ತಂತ ನನಗೂ ಗೊತ್ತಿಲ್ಲ. ಕಂಪ್ಯೂಟರು ಚೀಟಿ ಎತ್ತಿದ್ದು. ಎಲ್ಲಾ ಕಡೆ ಹಿಂಗ ಮಾಡತಾರ."

ಭರಮಪ್ಪ ತೋಳು ಎಳೆದುಕೊಂಡ. ಸೂಜಿ ಜಾರಿ ರಕ್ತದ ಗೆರೆ ಎಳೆಯಿತು.

"ಏನಂದ್ರಿ ಅಕ್ಕಾರ?"

"ಕಾಗದದಾಗ ಬರದೈತ್ರಿ. ನೀವೆಲ್ಲಾ ಸಹಿ ಮಾಡೀರಿ."

"ಇಂಗ್ಲಿಷಿನಾಗ ಹದಿನಾಲ್ಕು ಪುಟಾ ಇದ್ದ ಕಾಗದಾ ಅದು! ನಾ ಕಲಿತಿದ್ದು ಐದನೇತ್ತಾ. ಉಪ್ಪುನೀರು ಬಿದ್ದಾಂವ ಸೋಮವಾರ ಇಳದ್ರ ಏನ ಆಗತೈತಿ, ಅದನ್ನ ಹೇಳ್ರಿ!"

"ಏನೂ ಆಗೂದಿಲ್ಲ. ಎಲ್ಲಾರೂ ಆಕ್ಸಿಜನ್ ಮಾಸ್ಕ್ ಹಾಕ್ಕೊಂಡ ಇಳೀತೀರಲ್ಲ. ಪ್ರಯೋಗದ ಮೊದಲ ನಿಯಮ ಅದು."

"ಯಾವ ಮಾಸ್ಕು?"

ಅನಸೂಯಾ ಅವರ ಕೈ ನಿಂತಿತು. "ನನಗ ಪ್ರತಿ ತಿಂಗಳ ಫೋಟೋ ಬರತಾವು ಭರಮಪ್ಪ. ಎಲ್ಲಾರ ಮುಖದ ಮ್ಯಾಲೂ ಮಾಸ್ಕ್ ಇರತೈತಿ."

"ಇರತೈತಿ. ಒಂದ ಮಾಸ್ಕು. ನಮ್ಮ ಕೆಲಸಾ ನೋಡೂ ಮುಕಾದಮನ ಕಪಾಟಿನ್ಯಾಗ ಇರತೈತಿ. ಫೋಟೋ ದಿನಾ ನಾವು ಸಾಲಾಗಿ ನಿಲ್ಲತೀವಿ. ಒಬ್ಬಾಂವ ಹಾಕ್ಕೊಂಡು ತಗಿಸ್ಕೊಂಡು ಮುಂದಿನಾಂವಗ ಕೊಡತಾನ. ಕಳದ ತಿಂಗಳ ಅದರಾಗ ಯಾರೋ ಎಲಿಅಡಕಿ ಉಗುಳಿಬಿಟ್ಟಿದ್ರು. ಒರಸಿ ಹಾಕ್ಕೊಂಡ್ವಿ."

ಗುಂಡಿಯ ಬಾಯಲ್ಲಿ ಒಂದು ಸಲವೂ ನಿಂತು ನೋಡದೆ, ಬರುವ ಫೋಟೋ ಎಣಿಸಿ ನಂಬಿದ್ದ ಆ ಹೆಂಗಸಿನ ಮುಖ ಬಿಳಿಚಿತು.

"ಪ್ರಯೋಗದ ಮ್ಯಾಲ ಕಣ್ಣಿಡೂ ಸಮಿತಿಗೆ ಬರೀತೀನಿ," ಎಂದರು ಕೊನೆಗೆ. "ಹದಿನೈದಕ್ಕ ಕೂಡತಾರ."

"ಸೋಮವಾರ ಮೂರನೇ ತಾರೀಕು."

"ಚೀಟಿ ಒಡದು ನೋಡಾಕ ಬರೂದಿಲ್ಲ. ಅದರ ಕೀಲಿ ಕಂಪನಿ ಕೈಯಾಗೈತಿ." ಅವರು ಹತ್ತಿಯನ್ನು ಅವನ ತೋಳಿಗೆ ಒತ್ತಿ ಹಿಡಿದರು. "ಆದ್ರ ರಕ್ತ ನೋಡಬಹುದು. ನಾಳೆ ರವಿವಾರ, ಲ್ಯಾಬಿನ್ಯಾಗ ಯಾರೂ ಇರೂದಿಲ್ಲ. ಕೆಂಚಪ್ಪನ್ನ ಕರಕೊಂಡು ಬರ್ರಿ. ನನ್ನ ಕೈಯಾರ ಮಾಡಿ ಹೇಳತೀನಿ."

ಮನೆಯಲ್ಲಿ ಭರಮಪ್ಪನ ಹೆಂಡತಿ ಶಿವಕ್ಕ ರೊಟ್ಟಿ ಬಡಿಯುತ್ತಲೇ ಎಲ್ಲ ಕೇಳಿಸಿಕೊಂಡಳು.

"ನೀರು ಬಿದ್ದಿದ್ರ ಸಾಯ್ತಾನ," ಎಂದಳು. "ಔಷಧ ಬಿದ್ದಿದ್ರ ನಿನ್ನಂಗ ಬಚ್ಚಲಕ ತಲೀ ಕೊಟ್ಟು ಮಲಗತಾನ. ನಾ ಯಾವ ದೇವರಿಗೆ ಏನಂತ ಬೇಡಿಕೊಳ್ಳಲಿ ಹೇಳು. ನಮ್ಮಪ್ಪನ್ನ ಗುಂಡಿಗೆ ಕೊಟ್ವಿ, ನಿನ್ನ ಕೊಟ್ವಿ. ಇವನನ್ನೂ ಅದಕ್ಕ ಲಗ್ನಾ ಮಾಡಿ ಕೊಡತೀಯೇನು?"

ಎರಡರಲ್ಲಿ ಯಾವುದು ಒಳ್ಳೆಯದೆಂದು ಭರಮಪ್ಪ ಅಂದು ಅರ್ಧ ರೊಟ್ಟಿ ತಿನ್ನುವಷ್ಟು ಹೊತ್ತು ಯೋಚಿಸಿದ. ಉಳಿದರ್ಧವನ್ನು ತಾಟಿನಲ್ಲೇ ಬಿಟ್ಟು ಎದ್ದ.

ಲ್ಯಾಬು ಊರ ಹೊರಗಿನ ಗುಡ್ಡದ ಮೇಲಿತ್ತು. ಒಂದಾದ ಮೇಲೆ ಒಂದು ಎರಡು ಬಾಗಿಲು. ಒಳಗಿನ ಗಾಳಿಯನ್ನು ತಾಸಿಗೆ ಮೂವತ್ತು ಸಲ ಸೋಸುತ್ತಾರೆ, ಧೂಳಿನ ಕಣವೂ ಉಳಿಯುವುದಿಲ್ಲ ಎಂದು ಅನಸೂಯಾ ಹೇಳಿದಾಗ ಭರಮಪ್ಪ ಬಾಗಿಲಲ್ಲೇ ನಿಂತ. ಈ ಶಹರದಲ್ಲಿ ಇದಕ್ಕಿಂತ ಶುದ್ಧ ಗಾಳಿಯ ಕೋಣೆ ಇನ್ನೊಂದಿರಲಿಲ್ಲ.

"ಎಷ್ಟೊತ್ತು ಹಿಡಿತೈತ್ರಿ?"

"ಮೂರು ತಾಸು."

ಅವನು ಸ್ಟೂಲಿನ ಮೇಲೆ ಕೂತ. ಹೊರಗೆ ಹೋಗಿ ಕೂಡು ಮಾವ ಎಂದ ಕೆಂಚಪ್ಪನಿಗೆ ಸುಮ್ಮನಿರು ಎಂದು ಕೈ ತೋರಿಸಿದ.

ಅನಸೂಯಾ ರಕ್ತದಿಂದ ಡಿಎನ್‌ಎ ಬೇರ್ಪಡಿಸಿ, ಕಿರುಬೆರಳ ಉಗುರಿನಷ್ಟಿದ್ದ ನಾಲ್ಕು ನಳಿಕೆಗಳನ್ನು ಸಾಲಾಗಿ ಇಟ್ಟರು. ಕೆಂಚಪ್ಪ ಬಗ್ಗಿ ನೋಡಿದ.

"ನಾಲ್ಕ್ಯಾಕ್ರಿ? ನೋಡಬೇಕಾದಾಂವ ನಾನೊಬ್ಬನ."

"ಒಬ್ಬಂದ ನೋಡಿದ್ರ ನಂಬಾಕ ಬರೂದಿಲ್ಲಪ್ಪ. ಒಂದನೇದ್ರಾಗ ಬರೇ ನೀರು. ಅದರಾಗ ಏನರ ಕಂಡ್ರ ನನ್ನ ಕೈ ಹೊಲಸೈತಿ ಅಂತ ಅರ್ಥ, ಎಲ್ಲಾ ಚೆಲ್ಲಬೇಕು. ಎರಡನೇದು ಸೂಜಿ ಬೀಳದ ಮನಷಾಂದು. ಅದಕ್ಕ ನನ್ನ ರಕ್ತಾ ಹಾಕೀನಿ. ಮೂರನೇದು ಸೂಜಿ ಬಿದ್ದದ್ದು ಖರೇ ಅಂತ ಗೊತ್ತಿರೂ ಮನಷಾಂದು, ನಿಮ್ಮ ಮಾವಂದು. ನಾಲ್ಕನೇದು ನೀನು. ನಿಂದು ನನ್ನಂಗ ಕಾಣತೈತೋ ನಿಮ್ಮ ಮಾವನಂಗೋ, ಅಷ್ಟ."

"ಮುನ್ನೂರು ಕೋಟಿ ಅಕ್ಷರ ಇರತಾವಂತಲ್ರಿ ಒಳಗ. ಅದರಾಗ ಆ ಮೀನಿನ ಬರಹಾ ಹೆಂಗ ಹುಡಕತೀರಿ?"

"ನಾ ಹುಡಕೂದಿಲ್ಲ. ಆ ಬರಹದ ಆ ತುದಿಗೆ, ಈ ತುದಿಗೆ ಮಾತ್ರ ಅಂಟೂವಂಥ ಎರಡು ತುಣುಕು ಹಾಕತೀನಿ, ಪ್ರೈಮರ್ ಅಂತ. ಅವು ಅಂಟಿದ್ರ ನಡುವಿನ ಬರಹಾ ನಕಲಾಗತೈತಿ. ಈ ಯಂತ್ರ ಕಾಯಿಸತೈತಿ, ಆರಸತೈತಿ, ಮತ್ತ ಕಾಯಿಸತೈತಿ. ಒಂದ್ಸಲಕ್ಕ ಒಂದು ಎರಡಾಗತೈತಿ, ಎರಡು ನಾಲ್ಕು. ಮೂವತ್ತು ಸುತ್ತಿಗೆ ನೂರು ಕೋಟಿ ದಾಟತೈತಿ."

"ಒಳಗ ಇರಲೇ ಇಲ್ಲಂದ್ರ?"

"ಸೊನ್ನೇನ ಎಷ್ಟು ಸಲ ದುಪ್ಪಟ್ಟು ಮಾಡಿದ್ರೂ ಸೊನ್ನೇನ."

"ನಮ್ಮ ವಾರ್ಡಿನ ಅನುದಾನದಂಗ," ಎಂದ ಕೆಂಚಪ್ಪ. ತಾನೇ ನಕ್ಕ.

ನಕಲು ಮಾಡುವ ಪಿಸಿಆರ್ ಯಂತ್ರ ಗುಂಯ್‌ಗುಡುತ್ತಿತ್ತು. ಒಂದನೆಯ ತಾಸು ಮುಗಿಯುವಷ್ಟರಲ್ಲಿ ಭರಮಪ್ಪನ ಉಗುರುಗಳು ನೀಲಿಗಟ್ಟಿದವು. ಎರಡನೆಯ ತಾಸಿಗೆ ಅವನು ಸ್ಟೂಲಿನಿಂದ ಇಳಿದು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಬಿಳಿಯ ಗೋಡೆಗಳು ನಾಲ್ಕೂ ಕಡೆಯಿಂದ ಹತ್ತಿರ ಬರುತ್ತಿದ್ದವು. ಗುಂಡಿಯೊಳಗೆ ಅವನಿಗೆ ಎಂದೂ ಹೀಗೆ ಅನ್ನಿಸಿರಲಿಲ್ಲ.

ಅನಸೂಯಾ ಓಡಿಬಂದು ಅವನ ಕೈ ಹಿಡಿದರು. ರಕ್ತದೊತ್ತಡ ನೋಡಿದರು. ಇನ್ನೊಮ್ಮೆ ನೋಡಿದರು.

"ಯಾವಾಗಿಂದ ಹಿಂಗ?"

"ನೀವು ಸೂಜಿ ಹಾಕಿದಾಗಿಂದ. ಗುಂಡಿಗಿಳದ್ರ ಸರಿ ಹೋಗತೈತಿ."

ಅವರು ಅಲ್ಲೇ ನೆಲದ ಮೇಲೆ ಕುಕ್ಕರಿಸಿದರು. ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವಂತೆ ಹೇಳಿದರು: ಎಲ್ಲರ ಮೈಯೂ ಅದೇ ಅನಿಲವನ್ನು ಒಳಗೊಳಗೇ ಎಳ್ಳಷ್ಟು ತಯಾರಿಸುತ್ತದೆ. ರಕ್ತನಾಳಗಳು ಬಿಗಿಯದೆ ಸಡಿಲವಾಗಿರಲು ಅದು ಬೇಕು. ಮೀನಿನ ಕಿಣ್ವ ಹೊರಗಿನದು ಒಳಗಿನದು ನೋಡದೆ ಎಲ್ಲವನ್ನೂ ತಿಂದುಹಾಕುತ್ತಿದೆ. ಆದ್ದರಿಂದ ಈ ಮನುಷ್ಯನಿಗೆ ಹೊರಗಿನಿಂದ ವಿಷ ಬೇಕು.

"ನನ್ನ ವರದಿಯಾಗ ಸಣ್ಣ ತಲೆನೋವು ಅಂತಿತ್ತು," ಎಂದರು.

"ಬಿಚ್ಚೂ ಸೂಜಿ ಐತೇನ್ರಿ? ಇದನ್ನ ಹೊರಗ ತಗಿಯೂದು?" ಭರಮಪ್ಪ ಕೇಳಿದ.

ಅನಸೂಯಾ ತಲೆಯಾಡಿಸಿದರು. "ಹಾಕೂದಷ್ಟ ಮಾಡೀನಿ. ತಗಿಯೂದು ಬೇಕಾಗತೈತಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ."

ಭರಮಪ್ಪ ಕಣ್ಣು ಮುಚ್ಚಿದ. ಇನ್ನು ಹೊರಬರುವ ದಾರಿಯಿಲ್ಲವೆಂಬಂತೆ, ಅವನ ತಲೆಯ ಮೇಲಿನ ಗುಂಡಿಯ ಮುಚ್ಚಳ ಅವತ್ತು ಪೂರ್ತಿ ಬಿತ್ತು.

ಕಡಲಪಾಚಿಯಿಂದ ಮಾಡಿದ, ಹೆಪ್ಪುಗಟ್ಟಿದ ಗಂಜಿಯಂಥ ಬಿಲ್ಲೆಯೊಂದರಲ್ಲಿ ನಾಲ್ಕು ಸಣ್ಣ ಕುಳಿಗಳಿದ್ದವು. ನಾಲ್ಕು ನಳಿಕೆಯ ಹನಿಗಳನ್ನು ಅದರಲ್ಲಿ ಬಿಟ್ಟು ಅನಸೂಯಾ ವಿದ್ಯುತ್ ಹರಿಸಿದರು. ಡಿಎನ್‌ಎ ಋಣ ವಿದ್ಯುತ್ತಿನದು, ಧನ ತುದಿಯ ಕಡೆ ತೆವಳುತ್ತದೆ. ಸಣ್ಣ ತುಣುಕು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಅರ್ಧ ತಾಸಿನ ಮೇಲೆ ಬಿಲ್ಲೆಯನ್ನು ನೀಲಿ ಬೆಳಕಿನ ಪೆಟ್ಟಿಗೆಯ ಮೇಲಿಟ್ಟರು. ಕೆಂಚಪ್ಪ ಮಾವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ನಿಲ್ಲಿಸಿದ.

ಮೊದಲ ಸಾಲು ಖಾಲಿ. ಉಳಿದ ಮೂರರಲ್ಲೂ ಒಂದೇ ಎತ್ತರದಲ್ಲಿ ಒಂದೊಂದು ಹಸಿರು ಗೆರೆ ಹೊಳೆಯುತ್ತಿತ್ತು. ಎಲ್ಲ ಮನುಷ್ಯರಲ್ಲೂ ಇರುವ ಒಂದು ಜೀನಿನ ಗೆರೆ ಅದು, ಅದಕ್ಕೂ ಬೇರೆ ಪ್ರೈಮರ್ ಹಾಕಿದ್ದೆ, ರಕ್ತ ಸರಿಯಾಗಿದೆ ಎಂಬುದಕ್ಕೆ ಗುರುತು ಎಂದರು ಅನಸೂಯಾ. ಮೂರನೆಯ ಸಾಲಿನಲ್ಲಿ ಮಾತ್ರ ಅದರ ಕೆಳಗೆ ಇನ್ನೊಂದು ಗೆರೆಯಿತ್ತು, ದಪ್ಪಗೆ. ಭರಮಪ್ಪನದು. ಮೀನಿನದು.

ನಾಲ್ಕನೆಯ ಸಾಲಿನಲ್ಲಿ ಆ ಗೆರೆ ಇರಲಿಲ್ಲ.

"ಉಪ್ಪುನೀರು," ಎಂದರು ಅನಸೂಯಾ. ಉಸಿರು ಬಿಟ್ಟರು. "ನೀ ಇಳೀಬ್ಯಾಡಪ್ಪ. ಇಳೀಬ್ಯಾಡ."

ಭರಮಪ್ಪನಿಗೆ ಅಳು ಬಂತು. ಈ ಹುಡುಗನ ಮೈ ಇನ್ನೂ ಇವನದೇ. ಇವನು ಬೇಕಾದಲ್ಲಿ ಹೋಗಬಹುದು, ಸಮುದ್ರ ನೋಡಬಹುದು.

ಕೆಂಚಪ್ಪ ಮಾತ್ರ ಬಿಲ್ಲೆ ನೋಡುತ್ತಲೇ ಇದ್ದ. "ಇಳೀಲಿಲ್ಲಂದ್ರ ಏನ ಮಾಡಲಿ? ಓಣಿ ಹುಡುಗ ಅಂತ ಹೊಟೇಲಿನ್ಯಾಗ ಕಪ್ ತೊಳ್ಯಾಕೂ ಇಟ್ಕೊಳ್ಳೂದಿಲ್ಲ. ನಾಲ್ಕು ಕಡೆ ಕೇಳಿ ಬಂದೀನಿ." ಅವನು ಅಂಗಿಯ ತೋಳು ಮಡಚಿದ. "ಖರೇ ಸೂಜಿ ಐತಲ್ಲ ನಿಮ್ಮ ಹಂತೇಕ? ಈಗ ಹಾಕಿಬಿಡ್ರಿ ಅಕ್ಕಾರ."

ನಿಲ್ಲಲಾಗದ ಭರಮಪ್ಪನ ಕೈ ಹೇಗೆ ಎದ್ದಿತೋ, ಕೆಂಚಪ್ಪನ ಕೆನ್ನೆಗೆ ಬಿತ್ತು. "ನನ್ನ ನೋಡಿಯೂ ಹಂಗಂತೀಯೇನ್ಲೇ?"

"ಹೊಡಿ ಮಾವಾ, ಹೊಡಿ. ಸೋಮವಾರ ನೀನ ಹೊಟ್ಟಿಗೆ ಹಾಕತೀಯೇನು?"

"ಇದನ್ನ ನಾ ನಿಲ್ಲಸತೀನಿ," ಎಂದರು ಅನಸೂಯಾ. "ಪ್ರಯೋಗಾನ ನಿಲ್ಲಸತೀನಿ. ಸೂಜಿನ ಇಲ್ಲಂದ್ರ ಯಾರನ್ನೂ ಇಳಸಾಕ ಬರೂದಿಲ್ಲ."

ಕೆಂಚಪ್ಪ ಅವರ ಕಡೆ ತಿರುಗಿದ. ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು.

"ನಮ್ಮಪ್ಪ ಸತ್ತಾಗ ನಾ ನಾಲ್ಕು ವರ್ಷದಾಂವ. ಅವಗ ಯಾವ ಸೂಜಿ ಹಾಕಿದ್ರಿ? ಆವಾಗ ನಿಮ್ಮ ಮೀನು ಎಲ್ಲಿತ್ತು? ಆದ್ರೂ ಇಳದಿದ್ದ. ಅವನಪ್ಪನೂ ಇಳದಿದ್ದ. ಯಾವ ಜೀನು ಇಳಿಸಿತ್ರಿ ಅವರನ್ನ? ಅದಕ್ಕೊಂದು ಪ್ರೈಮರ್ ಹಾಕಿ ನೋಡ್ರಿ, ಕಾಣತೈತೇನು."

ಅನಸೂಯಾ ಪೆಟ್ಟಿಗೆಯ ದೀಪ ಆರಿಸಲು ಕೈ ಚಾಚಿದರು.

"ನೋಡ್ರಿಲ್ಲೆ," ಕೆಂಚಪ್ಪ ಬಿಲ್ಲೆಯ ಮೇಲೆ ಬೆರಳಿಟ್ಟು ತೋರಿಸಿದ. "ಎರಡನೇದು ನೀವು, ನಾಲ್ಕನೇದು ನಾನು. ಎಳ್ಳಷ್ಟರ ಫರಕ ಐತೇನು? ಇದರಾಗ ನೀವೂ ನಾನೂ ಒಂದ ಅದೀವಿ. ಮತ್ತ ಸೋಮವಾರ ಏಳಕ್ಕ ಅಲ್ಲಿ ನಾನೊಬ್ಬನ ಯಾಕ ನಿಂದರಬೇಕು?"

ಭರಮಪ್ಪ ಇನ್ನು ತಡೆಯಲಾರದೆ ಕುಸಿದ. ಇಬ್ಬರೂ ಅವನನ್ನು ಹೊತ್ತು ಕಟ್ಟಡದ ಹಿಂದಕ್ಕೆ ತಂದರು. ಅಲ್ಲಿ ಗಟಾರದ ಮುಚ್ಚಳವನ್ನು ಕೆಂಚಪ್ಪ ಸರಿಸಿದ. ಭರಮಪ್ಪ ಬೋರಲು ಬಿದ್ದು, ಕಿಂಡಿಗೆ ಮುಖ ಕೊಟ್ಟು, ಬಾಯಾರಿದವನು ನೀರು ಕುಡಿಯುವಂತೆ ಉಸಿರೆಳೆದ. ಅನಸೂಯಾ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಣ್ಣು ಮಾತ್ರ ಮುಚ್ಚದೆ, ನೋಡುತ್ತ ನಿಂತರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಮಾರ್ಕೆಟ್ ರಸ್ತೆಯ ಗುಂಡಿಯ ಬಳಿ ಭರಮಪ್ಪ, ಕೆಂಚಪ್ಪ ಬಂದಾಗ ಮುಚ್ಚಳದ ಮೇಲೆ ಅನಸೂಯಾ ನಿಂತಿದ್ದರು. ಕೈಯಲ್ಲಿ ಬಿಲ್ಲೆಯ ಫೋಟೋ ಇತ್ತು. ಮುಕಾದಮ ಸಂಗಪ್ಪ ಕೈ ಹೊಸೆಯುತ್ತ ಸುತ್ತ ತಿರುಗುತ್ತಿದ್ದ.

"ಸರೀರಿ ಮೇಡಮ್ಮಾರ. ಹುಡುಗ ಇಳೀಬೇಕು. ರಸ್ತೆ ಮ್ಯಾಲ ನೀರು ಬರಾಕತ್ತೈತಿ."

"ಇವನ ಮೈಯಾಗೂ ಔಷಧ ಇಲ್ಲ, ನನ್ನ ಮೈಯಾಗೂ ಇಲ್ಲ. ಫೋಟೋ ನೋಡ್ರಿ, ಇಬ್ಬರದೂ ಒಂದ ಥರಾ ಐತಿ. ಇವ ಇಳೀಬಹುದಾದ್ರ ನಾನೂ ಇಳೀಬಹುದು. ಮೊದಲ ನಾ ಇಳೀತೀನಿ. ಹಗ್ಗ ಕೊಡ್ರಿ."

ಸಂಗಪ್ಪ ಫೋಟೋ ನೋಡಲೇ ಇಲ್ಲ. ಎರಡೂ ಕೈ ಮುಂದೆ ಚಾಚಿ, ಹಿಂದಕ್ಕೆ ಹಾರಿ, "ಅಯ್ಯಯ್ಯೋ, ನೀವಾ! ಬ್ಯಾಡ್ರೀ ಯವ್ವಾ, ಸತ್ತ ಹೋಗತೀರಿ!" ಎಂದು ಕಿರುಚಿಕೊಂಡ.

ರಸ್ತೆಯಲ್ಲಿ ಹೋಗುವವರು ನಿಂತರು. ಕೆಂಚಪ್ಪ ಮೆಲ್ಲಗೆ ಕೇಳಿದ: "ಸಂಗಪ್ಪಣ್ಣಾ, ಅಕ್ಕಾರು ಇಳದ್ರ ಸಾಯ್ತಾರ ಅನ್ನೂದು ನಿನಗ ಇಷ್ಟ ಲಗು ಹೆಂಗ ತಿಳೀತು?"

ಸಂಗಪ್ಪ ಬೆವರು ಒರೆಸಿಕೊಂಡ. ಹತ್ತು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ, ಫೋನು ತೆಗೆದ. ಬೆನ್ನು ತಿರುಗಿಸಿದರೆ ಮಾತು ಕೇಳಿಸುವುದಿಲ್ಲ ಎಂದುಕೊಂಡಿದ್ದನೋ ಏನೋ.

"ಹಲೋ, ಹಳೇಕೇರಿ ಓಣಿಯಿಂದ ಇಬ್ಬರನ್ನ ಕಳಸು. ಲಗೂನ. ಇಲ್ಲಿ ಗದ್ದಲಾಗೈತಿ. ಹಾಂ? ಸೂಜಿ ಆಗಿದ್ರೂ ನಡೀತೈತಿ, ಆಗದಿದ್ರೂ ನಡೀತೈತಿ. ಮೊದಲೆಲ್ಲಾ ಸೂಜಿ ಇತ್ತೇನು? ಕಳಸು."

ಭರಮಪ್ಪ ಅನಸೂಯಾ ಅವರ ಪಕ್ಕ ಮುಚ್ಚಳದ ಮೇಲೆ ಕೂತ. ಕೆಂಚಪ್ಪ ಕೂತ. ಎಲ್ಲಿಂದಲೋ ಶಿವಕ್ಕನೂ ಬಂದು ಕೂತಳು. ಕೊಳಚೆ ನೀರು ಮುಚ್ಚಳದ ಅಂಚಿನಿಂದ ಉಕ್ಕಿ, ಅವರ ಮೈ ತೋಯಿಸಿ, ಇಳಿಜಾರಿನಲ್ಲಿ ದೊಡ್ಡ ಮನೆಗಳ ಕಡೆ ಹರಿಯತೊಡಗಿತು. ಸಂಗಪ್ಪನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎಂಟಾಯಿತು, ಒಂಬತ್ತಾಯಿತು. ಭರಮಪ್ಪನ ಬೆರಳ ತುದಿ ತಣ್ಣಗಾಗತೊಡಗಿತು. ಅವನು ಏಳಲಿಲ್ಲ. ರಸ್ತೆಯ ಆ ತುದಿಯಿಂದ ಹಳೇಕೇರಿಯ ಇಬ್ಬರು ನಡೆದು ಬರುತ್ತಿದ್ದರು, ಒಬ್ಬನ ಹೆಗಲ ಮೇಲೆ ಹಗ್ಗದ ಸುರುಳಿ. ಅವರಿಗೆ ಏನು ಹೇಳಬೇಕೆಂದು ಅವನು ಯೋಚಿಸುತ್ತಿದ್ದ.